ಚಿಲಕದ ಮಾತು

ಎಡಗಡೆಯ ಜಡೆ ಮುಗಿದು ರಿಬ್ಬನ್ ಕಟ್ಟಿಯಾಗಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಎರಡು ಸುತ್ತು ಹೆಣೆಯುವಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಬಡಿದುಕೊಂಡಿತು. ಭಾಗ್ಯಶ್ರೀ ಹಲ್ಲಲ್ಲಿ ಕಚ್ಚಿಕೊಂಡಿದ್ದ ಬಾಚಣಿಗೆಯನ್ನು ಮಗಳ ತೊಡೆಯ ಮೇಲೆ ಬಿಟ್ಟು, ಒಂದು ಕೈಯಲ್ಲಿ ಕೂದಲು ಹಿಡಿದೇ ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೆ ಹಚ್ಚಿದಳು.

ಆ ಕಡೆ ಗಂಡ ಸಂಗಮೇಶ. ಹಿಂದೆ ಆಸ್ಪತ್ರೆಯ ಸದ್ದು ಕೇಳಿಸುತ್ತಿತ್ತು. ಯಾರೋ ಗಾಲಿಗಳ ಮೇಲೆ ಏನನ್ನೋ ತಳ್ಳಿಕೊಂಡು ಹೋಗುತ್ತಿದ್ದರು.

“ಅಕ್ಕ ಹೋದ್ಲು,” ಎಂದ. “ಆರೂವರಿಗೆ. ರಕ್ತ ಏರಿಸಿದ್ರೂ ಉಪಯೋಗ ಆಗಲಿಲ್ಲ. ಹತ್ತರ ಸುಮಾರಿಗೆ ಕರಕೊಂಡು ಬರ್ತೀವಿ. ಮಾವನ ಬಸ್ಸು ಇನ್ನೂ ತುಮಕೂರು ದಾಟಿಲ್ಲ. ನೀ ಈಗ ಫೋನ್ ಮಾಡಬ್ಯಾಡ. ಇಳದ ಮ್ಯಾಲೆ ನಾನ ಹೇಳ್ತೀನಿ.”

ಭಾಗ್ಯಶ್ರೀ “ಹೂಂ” ಎಂದಳು. ಫೋನು ಇಟ್ಟ ಮೇಲೂ ಮಗಳ ಕೂದಲು ಅವಳ ಮುಷ್ಟಿಯಲ್ಲೇ ಇತ್ತು.

ಎದುರಿನ ಕನ್ನಡಿಯಲ್ಲಿ ಅಕ್ಷಯಾ ಅಮ್ಮನ ಮುಖವನ್ನು ನೋಡಿದಳು. ಹತ್ತು ವರ್ಷದ ಹುಡುಗಿ. ಬಾಯಿ ತೆರೆಯಲಿಲ್ಲ. ತೋರುಬೆರಳಿಂದ ಮೂಗಿನ ಎಡಬದಿಯನ್ನು ಮುಟ್ಟಿ ಹುಬ್ಬು ಮೇಲೇರಿಸಿದಳು.

ಮೂಗುಬೊಟ್ಟು ಎಂದರೆ ದೊಡ್ಡವ್ವ. ಹುಬ್ಬು ಏರಿದರೆ ಅದು ಪ್ರಶ್ನೆ.

ಆ ಮನೆಯಲ್ಲಿ ಎರಡು ಭಾಷೆಗಳಿದ್ದವು. ಒಂದು ಬಾಯಿಯದು. ಇನ್ನೊಂದು ಭಾಗ್ಯಶ್ರೀಯ ಅಕ್ಕ ರತ್ನವ್ವನದು. ಹುಟ್ಟಿದಾಗಿನಿಂದ ಕಿವಿ ಕೇಳದ, ಮಾತು ಬಾರದ ರತ್ನವ್ವನನ್ನು ಬಾದಾಮಿ ಕಡೆಯ ಅವರ ಊರಿನ ಶಾಲೆ ಸೇರಿಸಿಕೊಂಡಿರಲಿಲ್ಲ. ಅವಳ ಕೈಮಾತು ಯಾವ ಶಾಲೆಯದೂ ಅಲ್ಲ. ಅಕ್ಕತಂಗಿಯರಿಬ್ಬರೂ ಅಂಗಳದಲ್ಲಿ ಆಡುತ್ತಾ ಆಡುತ್ತಾ ಮಾಡಿಕೊಂಡದ್ದು. ಕೊರಳ ಸುತ್ತ ಕೈ ಆಡಿಸಿದರೆ ಟವೆಲ್ಲು ಹಾಕಿಕೊಳ್ಳುವ ಅಪ್ಪ. ಎರಡು ಬೆರಳನ್ನು ತುಟಿಗಿಟ್ಟು ಮುಂದಕ್ಕೆ ಚಾಚಿದರೆ ತಂಗಿ ಭಾಗ್ಯ, ಅಂದರೆ ಮಾತಾಡುವವಳು. ಅಂಗಡಿಗೆ ಹೋದರೂ ಬಾವಿಗೆ ಹೋದರೂ ಅಕ್ಕನ ಪಾಲಿನ ಮಾತನ್ನು ಭಾಗ್ಯಳೇ ಆಡುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಅಕ್ಷಯಾ ಹುಟ್ಟಿದ ಮೇಲೆ ಆ ಭಾಷೆಗೆ ಮೂರನೆಯವಳು ಸಿಕ್ಕಳು.

“ಹೌದವ್ವ,” ಎಂದಳು ಭಾಗ್ಯಶ್ರೀ. “ದೊಡ್ಡವ್ವ ಹೋದ್ಲು.”

ಅಕ್ಷಯಾ ಅಳಲಿಲ್ಲ. ಅಮ್ಮನ ಮುಷ್ಟಿಯಿಂದ ಮೆಲ್ಲಗೆ ಕೂದಲು ಬಿಡಿಸಿಕೊಂಡು ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಹೆಣೆದಿದ್ದ ಎರಡು ಸುತ್ತೂ ತಾವಾಗಿ ಬಿಚ್ಚಿಕೊಂಡವು.

ಹತ್ತೂಕಾಲಿಗೆ ಆಂಬುಲೆನ್ಸು ಚಿಕ್ಕಬಾಣಾವರದ ಆ ಇಕ್ಕಟ್ಟು ರಸ್ತೆಯಲ್ಲಿ ಹಿಮ್ಮುಖವಾಗಿ ಬಂದು ನಿಂತಿತು. ಮಹಡಿಯ ಮೇಲಿಂದ ಮನೆ ಮಾಲೀಕರಾದ ಸೀತಾ ಇಳಿದು ಬಂದರು.

“ಭಾಗ್ಯ, ನೀರಿಗೆ ಯೋಚ್ನೆ ಮಾಡ್ಬೇಡಿ, ಮೋಟರ್ ಹಾಕಿಸಿದೀನಿ. ಒಲೆ ಹಚ್ಬೇಡಿ, ಕಾಫಿ ಮೇಲಿಂದ್ಲೇ ಬರುತ್ತೆ,” ಎಂದವರು ಅಕ್ಷಯಾಳನ್ನು ಕಂಡು, “ಅಯ್ಯೋ, ಬಾ ಪುಟ್ಟ, ಆ ಕೂದ್ಲಿಗೊಂದು ರಬ್ಬರ್ ಬ್ಯಾಂಡ್ ಆದ್ರೂ ಹಾಕ್ತೀನಿ,” ಎಂದರು.

ಅಕ್ಷಯಾ ತಲೆಯಾಡಿಸಿ ಹಿಂದೆ ಸರಿದಳು.

“ಬೆಳಗ್ಗಿಂದ ಬಾಯೇ ಬಿಟ್ಟಿಲ್ಲ ಅಲ್ವಾ ಇವ್ಳು?”

“ಹೆದರ್ಯಾಳ್ರೀ,” ಎಂದಳು ಭಾಗ್ಯಶ್ರೀ.

ಕ್ರಿಯೆ ಮಾಡಿಸಲು ಸೋಮನಾಥಯ್ಯ ಬಂದಿದ್ದರು. ಗದಗ ಕಡೆಯವರು. ಕಾಲೇಜೊಂದರಲ್ಲಿ ಗುಮಾಸ್ತರು, ಈ ಭಾಗದಲ್ಲಿ ನೆಲೆಸಿದ ಲಿಂಗಾಯತರ ಮನೆಗಳಿಗೆ ಕರೆದಾಗ ಅಯ್ಯನವರು. ಪ್ಯಾಂಟಿನ ಮೇಲೆಯೇ ಮಡಿ ಪಂಚೆ ಸುತ್ತಿಕೊಂಡು, “ತಡಾ ಮಾಡಬ್ಯಾಡ್ರಿ. ಕೈಕಾಲು ಬಿಗದ್ರ ಕೂಡಸೂದು ಕಷ್ಟ ಆಕ್ಕೈತಿ,” ಎಂದರು.

ಅವರಲ್ಲಿ ಹೋದವರನ್ನು ಮಲಗಿಸಿ ಕಳಿಸುವುದಿಲ್ಲ, ಕೂರಿಸಿ ಕಳಿಸುತ್ತಾರೆ. ಹೆಂಗಸರು ರತ್ನವ್ವನಿಗೆ ಸ್ನಾನ ಮಾಡಿಸಿ, ಅವಳಿಗಿಷ್ಟವಾಗಿದ್ದ ಹಸಿರು ಇಳಕಲ್ ಸೀರೆ ಉಡಿಸಿದರು. ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಹಾಕಿಸಿ ಕೂರಿಸಿದರು. ತಲೆ ವಾಲದಂತೆ ಹಣೆಯ ಮೇಲೊಂದು ಬಟ್ಟೆ ತಂದು ಕಿಟಕಿಯ ಸರಳಿಗೆ ಕಟ್ಟಿದರು. ಹಣೆಗೆ ವಿಭೂತಿ ಬಂತು. ಮೂವತ್ತೆಂಟು ವರ್ಷದ ರತ್ನವ್ವ ಸಂಜೆ ಕೆಲಸ ಮುಗಿಸಿ ಬಂದು ಒಂದು ಗಳಿಗೆ ಕಣ್ಣುಮುಚ್ಚಿ ಕೂತವಳ ಹಾಗೆ ಕಂಡಳು.

ಆಗ ಮಾರಮ್ಮ ಬಂದಳು. ಗೊರಗುಂಟೆಪಾಳ್ಯದ ಹತ್ತಿರದ ಗಾರ್ಮೆಂಟ್ಸಿನಲ್ಲಿ ರತ್ನವ್ವನ ಪಕ್ಕದ ಮೇಜಿನಲ್ಲಿದ್ದವಳು. ಬಂದವಳೇ ರತ್ನವ್ವನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

“ಈ ಕೈಯಿನ ಚುರುಕು ಏನಂತೀರಾ. ಗಂಟೆಗೆ ನೂರು ಪೀಸು ದಾರ ಕತ್ತರಿಸಿ ಆಕೋಳು. ನಾವು ಬಾಯಾಡಿಸ್ಕಂಡು ಎಂಬತ್ತು ಮಾಡಿದ್ರೆ ಎಚ್ಚು. ನಮ್ಗೆಲ್ಲಾ ಕೈಯಾಗೇ ಬೈಯೋದು ಏಳ್ಕೊಟ್ಟಿದ್ಲು ಕಣವ್ವ. ಸೂಪರ್‌ವೈಸರ್ ಎದ್ರುಗೇ ನಿಂತು ಬೈಯೋವು, ಆ ಬಡ್ಡೈದನಿಗೆ ಗೊತ್ತೇ ಆಗ್ತಿರ್ನಿಲ್ಲ.”

ಒಂದಿಬ್ಬರು ನಕ್ಕರು. ಸೂಪರ್‌ವೈಸರ್ ಎಂಬ ಮಾತು ಬಂದದ್ದು ಆಮೇಲೆ ತಿಳಿದು ಎಲ್ಲರೂ ಸುಮ್ಮನಾದರು.

“ಈಗ ಮ್ಯಾನೇಜರ್ ಆಗವ್ನೆ, ಬೇರೆ ಕಡೆ,” ಎಂದಳು ಮಾರಮ್ಮ, ಯಾರನ್ನೂ ನೋಡದೆ.

ಸೋಮನಾಥಯ್ಯ ರತ್ನವ್ವನ ಎಡ ಅಂಗೈಯನ್ನು ಮಡಿಲಲ್ಲಿಟ್ಟು ಅದರ ಮೇಲೆ ಇಷ್ಟಲಿಂಗ ಇರಿಸಿದರು. ಬಲಗೈಯನ್ನು ಅದರ ಕೆಳಗೆ ಆಸರೆಯಾಗಿ ಸೇರಿಸಿ, “ಕೈ ಜಾರಬಾರದು. ಒಂದು ಬಿಳೇ ಅರಿವಿ ಕಟ್ಟರಿ ತಂಗಿ,” ಎಂದರು. ಭಾಗ್ಯಶ್ರೀ ಹಳೆಯದೊಂದು ಬಿಳಿ ಪಂಚೆಯ ಅಂಚಿನಿಂದ ಪಟ್ಟಿ ಹರಿದು ಅಕ್ಕನ ಎರಡೂ ಮಣಿಕಟ್ಟು ಸೇರಿಸಿ ಗಂಟು ಹಾಕಿದಳು.

ಮೂಲೆಯಲ್ಲಿದ್ದ ಅಕ್ಷಯಾ ಎದ್ದು ಬಂದು ಆ ಗಂಟು ಬಿಚ್ಚಿದಳು.

“ಯಾಕವಾ ಕೂಸ?” ಎಂದರು ಅಯ್ಯನವರು.

ಅಕ್ಷಯಾ ಅಮ್ಮನ ಕಡೆ ತಿರುಗಿ ತನ್ನೆರಡು ಮಣಿಕಟ್ಟುಗಳನ್ನು ಜೋಡಿಸಿ ಹಿಡಿದಳು. ಆಮೇಲೆ ಹತ್ತೂ ಬೆರಳುಗಳನ್ನು ಎದೆಯ ಮುಂದೆ ಆಡಿಸಿ, ತಟ್ಟನೆ ನಿಲ್ಲಿಸಿದಳು. ಭಾಗ್ಯಶ್ರೀಗೆ ಪೂರ್ತಿ ತಿಳಿಯಿತು. ಮೂರು ದಿನದ ಹಿಂದೆ ಆಸ್ಪತ್ರೆಯ ಗಾಜಿನ ಬಾಗಿಲಿನಾಚೆ ಹುಡುಗಿ ನೋಡಿದ್ದಳು. ಜ್ವರದ ತಾಪಕ್ಕೆ ಸೂಜಿ ಕಿತ್ತುಕೊಳ್ಳುತ್ತಾಳೆಂದು ದೊಡ್ಡವ್ವನ ಎರಡೂ ಕೈಗಳನ್ನು ಮಂಚದ ಕಂಬಿಗೆ ಬ್ಯಾಂಡೇಜಿನಿಂದ ಕಟ್ಟಿದ್ದರು. ಅವಳಿಗೆ ಆ ಕೈಗಳೇ ನಾಲಿಗೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಬೇಕಾದವರೂ ಹೇಳಿರಲಿಲ್ಲ. ಅಲ್ಲೂ ಕಟ್ಟಿದ್ದರು, ಇಲ್ಲೂ ಕಟ್ಟಿದರೆ ಅವಳು ಮಾತಾಡುವುದು ಹೇಗೆ ಎಂದು ಹುಡುಗಿ ಕೇಳುತ್ತಿದ್ದಳು.

“ಏನಂತಾಳ್ರಿ ಮಗಳು?”

“ಏನಿಲ್ರಿ ಅಯ್ಯಾರ. ದೊಡ್ಡವ್ವನ ಬಾಜೂಕ ಕೂಡ್ತೀನಿ ಅಂತಾಳ.”

ಅಕ್ಷಯಾ ಅಮ್ಮನನ್ನೇ ನೋಡಿದಳು. ಭಾಗ್ಯಶ್ರೀ ಬಿಲ್ವಪತ್ರೆಯ ಬುಟ್ಟಿಯನ್ನು ಸರಿಸುವ ನೆಪದಲ್ಲಿ ಮುಖ ಬೇರೆ ಕಡೆ ಮಾಡಿದಳು.

“ಕೂಡ್ಲಿ ಬಿಡ್ರಿ,” ಎಂದರು ಸೋಮನಾಥಯ್ಯ. “ಆಕಿ ಕೈ ಹಿಡಕೊಂಡು ಕುಂತ್ರ ಕಟ್ಟೂದ ಬೇಕಾಗಿಲ್ಲ.”

ಹುಡುಗಿ ಪಕ್ಕದಲ್ಲಿ ಕೂತು ತನ್ನ ಪುಟ್ಟ ಕೈಗಳನ್ನು ದೊಡ್ಡವ್ವನ ಕೈಯ ಕೆಳಗೆ ಕೊಟ್ಟಳು. ಒಂದು ಕಡೆ ಜಡೆ, ಒಂದು ಕಡೆ ಕೆದರಿದ ಕೂದಲು. ಮಧ್ಯಾಹ್ನದ ತನಕ ಅವಳು ಅಲ್ಲಿಂದ ಕದಲಲಿಲ್ಲ.

*

ನಾಲ್ಕು ವರ್ಷದ ಹಿಂದೆ, ಒಂದು ಗುರುವಾರ ಮಧ್ಯಾಹ್ನ, ಅದೇ ಹುಡುಗಿ ಪೊಲೀಸ್ ಸ್ಟೇಷನ್ನಿನಲ್ಲಿ ಅಮ್ಮನ ತೊಡೆಯ ಮೇಲೆ ಕೂತಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ.

ಹಿಂದಿನ ದಿನ ರತ್ನವ್ವ ಕೆಲಸದಿಂದ ಎರಡು ತಾಸು ಮುಂಚೆ, ಒಂದೇ ಕಿವಿಯೋಲೆಯಲ್ಲಿ, ಊಟದ ಡಬ್ಬಿ ಇಲ್ಲದೆ ಬಂದಿದ್ದಳು. ರಾತ್ರಿ ಅಡುಗೆಮನೆಯಲ್ಲಿ ತಂಗಿಗೆ ಎಲ್ಲವನ್ನೂ ಹೇಳಿದ್ದಳು. ಬೆಳಿಗ್ಗೆ ತಾನೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, ಭುಜದ ಮೇಲೆ ಎರಡು ಬೆರಳು ತಟ್ಟಿ ತೋರಿಸಿದ್ದಳು. ಪೊಲೀಸರ ಹತ್ತಿರ ಹೋಗೋಣ, ನಡೆ.

ಸ್ಟೇಷನ್ನಿನಲ್ಲಿ ಬರೆದುಕೊಳ್ಳುವವನೊಬ್ಬ ಇದ್ದ. ಮಹಿಳಾ ಪೇದೆ ಬಂದೋಬಸ್ತಿಗೆ ಹೋಗಿದ್ದಳು. ಬೈಕು ಕಳೆದುಕೊಂಡ ಇಬ್ಬರು ಬೆಂಚಿನ ಮೇಲೆ ಕಾಯುತ್ತಿದ್ದರು. ಸಂಗಮೇಶ ಕಂಬಕ್ಕೊರಗಿ ನಿಂತಿದ್ದ.

“ಇವ್ರಿಗೆ ಮಾತು ಬರಲ್ವಾ? ಹಂಗಾದ್ರೆ ನೀವೇ ಹೇಳ್ಬಿಡಿ ಮೇಡಂ, ಬರ್ಕೋತೀನಿ.”

ಬೇರೆ ಯಾರನ್ನಾದರೂ ಕರೆಸಬೇಕೇ ಎಂದು ಅವನು ಕೇಳಲಿಲ್ಲ. ಹಾಗೆ ಕರೆಸಬಹುದು ಎಂದು ಭಾಗ್ಯಶ್ರೀಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅಕ್ಕನ ಮಾತನ್ನು ಅವಳೇ ಆಡಿದ್ದಳಲ್ಲ.

ರತ್ನವ್ವ ಎದ್ದು ನಿಂತು ಹೇಳತೊಡಗಿದಳು. ಬೆರಳಿನಲ್ಲಿ ಕೀ ಗೊಂಚಲು ತಿರುಗಿಸಿದಳು, ಅದು ಸೂಪರ್‌ವೈಸರ್. ಕೈ ಮಾಡಿ ಕರೆದ. ಬಟ್ಟೆಯ ಕಟ್ಟುಗಳಿರುವ ಕೋಣೆ. ಮಣಿಕಟ್ಟು ಹಿಡಿದು ಎಳೆದ. ಆಮೇಲೆ ಎರಡು ಅಂಗೈಗಳನ್ನು ಎರಡು ಕದಗಳಂತೆ ತಂದು ಸೇರಿಸಿದಳು, ಬಾಗಿಲು. ಅದರ ಮೇಲೆ ತೋರುಬೆರಳನ್ನು ಅಡ್ಡಲಾಗಿ ಸರಿಸಿದಳು, ಚಿಲಕ. ಅಂಗೈಯನ್ನು ತನ್ನ ಬಾಯಿಯ ಮೇಲೆ ಒತ್ತಿಕೊಂಡಳು. ಮಾತೇ ಬಾರದವಳ ಬಾಯನ್ನು ಅವನು ಮುಚ್ಚಿದ್ದ. ಅದರ ನಂತರದ್ದನ್ನೂ ಹೇಳಿದಳು. ಅವಳ ಕೈ ಎಲ್ಲಿಯೂ ತಡವರಿಸಲಿಲ್ಲ. ಬೈಕು ಕಳೆದುಕೊಂಡವರು ಬೆಂಚಿನ ಮೇಲೆಯೇ ಇತ್ತ ತಿರುಗಿ ಕೂತು, ಬಯಲಾಟ ನೋಡುವವರ ಹಾಗೆ ನೋಡುತ್ತಿದ್ದರು.

ಹೇಳಿ ಮುಗಿಸಿ ರತ್ನವ್ವ ಪೆನ್ನಿನ ಮೇಲೆ ಕಣ್ಣಿಟ್ಟಳು. ಈಗ ಭಾಗ್ಯಶ್ರೀಯ ಸರದಿ.

ಎಷ್ಟು ಗಂಡಸರಿದ್ದರು ಅಲ್ಲಿ. ಬರುವ ಸೋಮವಾರ ಇಳಕಲ್ಲಿನಿಂದ ರತ್ನವ್ವನನ್ನು ನೋಡಲು ಬರುವವರಿದ್ದರು, ಹೆಂಡತಿ ಸತ್ತವನು, ಒಳ್ಳೆಯವನಂತೆ. ಅಪ್ಪ ಎರಡು ಸಲ ಫೋನು ಮಾಡಿದ್ದರು. ಚಿಲಕದ ಮಾತು ಒಮ್ಮೆ ಕಾಗದದ ಮೇಲೆ ಬಿದ್ದರೆ ಅಳಿಸಲು ಬರುವುದಿಲ್ಲ. ಅವನನ್ನು ಹಿಡಿದು ತಂದು ನಾಲ್ಕು ಬಾರಿಸಿದರೆ ಸಾಲದೇ, ಉಳಿದದ್ದು ಯಾಕೆ ಊರಿಗೆಲ್ಲ ಗೊತ್ತಾಗಬೇಕು? ಭಾಗ್ಯಶ್ರೀ ಮಗಳನ್ನು ಎರಡೂ ಕೈಯಿಂದ ಬಿಗಿಯಾಗಿ ತಬ್ಬಿಕೊಂಡಳು.

“ಸ್ಟೋರ್ ರೂಮಿನ ಹತ್ರ ಕೈ ಹಿಡದು ಎಳದ ಅಂತಾಳ್ರಿ. ಬೈದ. ಕಿವಿಯೋಲೆ ಬಿತ್ತು.”

ಬರೆಯುವವನು ಬರೆದು ತಲೆಯೆತ್ತಿದ. “ಇಷ್ಟೊತ್ತು ಕೈ ಆಡಿಸಿದ್ರು. ಅಷ್ಟೇನಾ?”

“ಅಷ್ಟೇ ರೀ.”

ತೊಡೆಯ ಮೇಲಿದ್ದ ಆರು ವರ್ಷದ ಅಕ್ಷಯಾ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಅಮ್ಮನ ಮುಖವನ್ನು ಕೆಳಗಿನಿಂದ ನೋಡಿದಳು. ರತ್ನವ್ವ ತಂಗಿಯನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿ, ಕಾಗದದ ಕೊನೆಯಲ್ಲಿ ಹೆಬ್ಬೆಟ್ಟು ಒತ್ತಿದಳು.

ಅಕ್ಕನ ಮಾನ ಉಳಿಸಿದೆ ಎಂದು ಭಾಗ್ಯಶ್ರೀ ಅಂದುಕೊಂಡಳು. ಕೇಸಿನ ಸುದ್ದಿ ಕೇಳಿದ ಇಳಕಲ್ಲಿನವರು ಆ ಸೋಮವಾರವೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

*

ಅಪ್ಪ ಗುರುಪಾದಪ್ಪ ಬಂದಾಗ ಹನ್ನೆರಡು ದಾಟಿತ್ತು. ಗೊರಗುಂಟೆಪಾಳ್ಯದಲ್ಲಿ ಇಳಿದು, ಅಳಿಯನ ಫೋನು ಬಂದ ಮೇಲೆ ಅಲ್ಲೇ ಒಂದು ತಾಸು ಕೂತುಬಿಟ್ಟಿದ್ದರಂತೆ. ಬಂದವರು ಮಗಳ ಎದುರು ಕೂತು, ಕೊರಳಿನ ಟವೆಲ್ಲು ತೆಗೆದು ಮಡಿಲಲ್ಲಿಟ್ಟುಕೊಂಡರು.

“ಮೂವತ್ತೆಂಟು ವರ್ಷದಾಗ ನಿನ್ನ ಒಮ್ಮೆನೂ ಹೆಸರು ಹಿಡದು ಕರೀಲಿಲ್ಲವಾ ನಾನು,” ಎಂದರು. “ಕರದ್ರ ಕೇಳತಿರಲಿಲ್ಲ ನಿನಗ. ಅದಕ್ಕ ಕರೀಲಿಲ್ಲ.” ಮುಂದಕ್ಕೆ ಬಾಗಿ, “ರತ್ನಾ,” ಎಂದರು. ಯಾರೂ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಅವರ ಹಿಂದೆಯೇ ಮಹತಿ ಬಂದಳು. ಆರ್‌ಟಿ ನಗರದಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದರ ಟೀಚರು, ಕೋರ್ಟಿನಲ್ಲಿ ರತ್ನವ್ವನ ಕೈಮಾತನ್ನು ತಿಳಿಸಿಕೊಟ್ಟವಳು. ಅವಳನ್ನು ಕಂಡದ್ದೇ ಅಕ್ಷಯಾ ಒಂದು ಕೈಯನ್ನು ದೊಡ್ಡವ್ವನ ಕೈಯ ಕೆಳಗೇ ಬಿಟ್ಟು ಇನ್ನೊಂದು ಕೈಯಲ್ಲಿ ಮಾತಾಡತೊಡಗಿದಳು. ಮಹತಿ ಮಂಡಿಯೂರಿ ಕೂತು ಉತ್ತರಿಸಿದಳು. ತುಂಬಿದ ಕೋಣೆಯಲ್ಲಿ ಅವರಿಬ್ಬರ ಮಾತು ಯಾರಿಗೂ ಕೇಳುವಂತಿರಲಿಲ್ಲ, ಭಾಗ್ಯಶ್ರೀ ಒಬ್ಬಳನ್ನು ಬಿಟ್ಟು. ಅವಳು ಬಾಗಿಲಲ್ಲಿ ನಿಂತು ಕಣ್ಣು ಕೀಳದೆ ಮಗಳ ಬೆರಳುಗಳನ್ನೇ ನೋಡಿದಳು. ಜ್ವರದ ಮಾತು. ಆಸ್ಪತ್ರೆಯ ಮಾತು. ಬ್ಯಾಂಡೇಜಿನ ಮಾತು. ಇನ್ನೊಂದು ಕೈಯೂ ಹೊರಬಂದು ಎರಡು ಅಂಗೈ ಕದಗಳಂತೆ ಸೇರುತ್ತವೋ ಎಂದು ಕಾದಳು. ಸೇರಲಿಲ್ಲ.

ಮಹತಿ ಎದ್ದು ಅವಳ ಬಳಿ ಬಂದಳು.

“ನಿಮ್ಗೆ ಒಂದು ಮಾತು ಹೇಳ್ಬೇಕು ಅಂತ ತುಂಬಾ ದಿನದಿಂದ ಇತ್ತು ಭಾಗ್ಯ. ಕೋರ್ಟಲ್ಲಿ ಹೇಳಿಕೆ ಕೊಡೋ ಮುಂಚೆ ನಾನು ರತ್ನಕ್ಕನ್ನ ಕೇಳಿದ್ದೆ, ಸ್ಟೇಷನ್ನಲ್ಲಿ ಮೊದಲ್ನೇ ದಿನಾನೇ ಎಲ್ಲಾ ಹೇಳಿದ್ರಾ ಅಂತ. ಹೇಳಿದೆ ಅಂದ್ರು. ಮತ್ತೆ ಕಾಗದದಲ್ಲಿ ಯಾಕಿಲ್ಲ ಅಂದ್ರೆ, ಬರೆಯೋನು ಸೋಮಾರಿ, ಅರ್ಧ ಬರೆದು ಮಿಕ್ಕಿದ್ದು ಬಿಟ್ಟ ಅಂದ್ರು.” ಮಹತಿ ಸಣ್ಣಗೆ ನಕ್ಕಳು. “ಅವನು ಪೆನ್ನು ಹಿಡ್ಕೊಂಡು ಆಕಳಿಸೋದನ್ನ ಎಷ್ಟು ಚೆನ್ನಾಗಿ ಮಾಡಿ ತೋರಿಸಿದ್ರು ಗೊತ್ತಾ. ಅವನ ಮೇಲೊಂದು ದೂರು ಕೊಡೋಣ ಅಂತಿದ್ದೆ. ಆಮೇಲೆ ನನ್ನನ್ನ ಯಾರೂ ಕರೀಲೇ ಇಲ್ಲ.”

ಹೇಳಿಬಿಡಲು ಅದಕ್ಕಿಂತ ತಕ್ಕ ಗಳಿಗೆ ಇರಲಿಲ್ಲ. ಭಾಗ್ಯಶ್ರೀ ಬಾಯಿ ತೆರೆದಳು.

“ಕಾಫಿ ತಗೊಳ್ರಿ ಮೇಡಂ,” ಎಂದಳು.

*

ಕೋರ್ಟಿನಲ್ಲಿ ಮೊದಲ ಮೂರು ತಾರೀಖುಗಳು ಕೈಮಾತು ತಿಳಿಸುವವರು ಇಲ್ಲವೆಂದೇ ಮುಂದೆ ಹೋದವು. ನಾಲ್ಕನೆಯ ಸಲ ಒಬ್ಬ ಬಂದ. ಅವನದು ಶಾಲೆಯ ಕೈಮಾತು. ರತ್ನವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಾಲು ಗಂಟೆ ಬೆವರಿ, “ಈಕೆಗೆ ಭಾಷೆಯೇ ಇಲ್ಲ,” ಎಂದು ಹೇಳಿ ಹೋದ. ಅದನ್ನೂ ಬರೆದುಕೊಂಡರು. ಅವನ ಮುಖ ನೋಡಿಯೇ ರತ್ನವ್ವನಿಗೆ ಗೊತ್ತಾಗಿತ್ತು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅವನನ್ನು ಕೈಯಲ್ಲಿ ಬೈದಳು. ಎದುರು ಸೀಟಿನ ಮುದುಕಿ ಬೆದರಿ ಎದ್ದು ಬೇರೆ ಕಡೆ ಹೋದಳು.

ಆಮೇಲೆ ಮಹತಿ ಸಿಕ್ಕಳು. ಹನ್ನೊಂದು ಭಾನುವಾರ ಮನೆಗೆ ಬಂದು ನೆಲದ ಮೇಲೆ ಕೂತು, ಅಕ್ಷಯಾಳನ್ನು ಪಕ್ಕದಲ್ಲಿಟ್ಟುಕೊಂಡು, ರತ್ನವ್ವನ ಭಾಷೆಯನ್ನು ಕಲಿತಳು. ಕೇಸಿನ ಮಾತಿಗೆ ಬಂದಾಗ ಮಾತ್ರ ಹುಡುಗಿಯನ್ನು ಮಹಡಿಗೆ ಕಳಿಸುತ್ತಿದ್ದಳು. ಮುಂದಿನ ತಾರೀಖಿನಲ್ಲಿ ರತ್ನವ್ವ ಕಟಕಟೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು, ಬಾಗಿಲು, ಚಿಲಕ, ಬಾಯಿ ಮುಚ್ಚಿದ ಕೈ. ಕ್ಯಾಮರಾದಲ್ಲಿ ಹಿಡಿದರು. ಹೊರಬಂದವಳು ಎರಡು ಪ್ಲೇಟು ಇಡ್ಲಿ ತಿಂದಳು. ಅವಳು ಅಷ್ಟು ತಿಂದದ್ದನ್ನು ಕಂಡು ವರ್ಷವಾಗಿತ್ತು.

ಭಾಗ್ಯಶ್ರೀಯ ಸರದಿ ಬಂದದ್ದು ಎರಡು ತಿಂಗಳ ನಂತರ. ಮಾತು ಬರುವವಳ ಸಾಕ್ಷಿಗೆ ಮಹತಿ ಬೇಕಿರಲಿಲ್ಲ, ಕರೆಸಲಿಲ್ಲ. ರತ್ನವ್ವ ಹಿಂದಿನ ಬೆಂಚಿನಲ್ಲಿ ಅಪ್ಪನ ಪಕ್ಕ ಕೂತಿದ್ದಳು.

ಆರೋಪಿಯ ಕಡೆಯ ವಕೀಲರು ಹಳೆಯ ಕಾಗದವನ್ನು ಮುಂದೆ ಹಿಡಿದರು. “ಇದರಲ್ಲಿ ಬಾಗಿಲಿನ ಮಾತಿಲ್ಲ. ಚಿಲಕದ ಮಾತಿಲ್ಲ. ಮುಂದಿನದ್ದೂ ಇಲ್ಲ. ನೀವೇ ತಾನೇ ಬರೆಸಿದ್ದು?”

“ಹೌದು ಸರ್.”

“ಅಂದರೆ ಪೊಲೀಸರಿಗೆ ಸುಳ್ಳು ಬರೆಸಿದಿರಾ? ಸುಳ್ಳು ಬರೆಸಿದರೆ ಏನಾಗುತ್ತದೆ ಎಂದು ಗೊತ್ತೇನಮ್ಮಾ?”

ಭಾಗ್ಯಶ್ರೀ ಸರಕಾರಿ ವಕೀಲರ ಕಡೆ ನೋಡಿದಳು. ಅವರು ಮುಂದಿನ ಕೇಸಿನ ಕಡತ ಬಿಚ್ಚುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಎರಡೂವರೆ. ಮೂರಕ್ಕೆ ಅಕ್ಷಯಾಳ ಶಾಲೆ ಬಿಡುತ್ತದೆ. ತನ್ನನ್ನು ಇಲ್ಲಿಂದಲೇ ಎಲ್ಲಿಗೋ ಕರೆದೊಯ್ದರೆ ಗೇಟಿನಲ್ಲಿ ಆ ಮಗು ಎಷ್ಟು ಹೊತ್ತು ನಿಂತೀತು?

“ಇಲ್ಲ ಸರ್, ಸುಳ್ಳಲ್ಲ.”

“ಹಾಗಾದರೆ ಅವತ್ತು ನಿಮ್ಮ ಅಕ್ಕ ಹೇಳಿದ್ದು ಇಷ್ಟೇ ತಾನೇ?”

“ಹೌದು ಸರ್. ಅಷ್ಟೇ.”

ಅಷ್ಟೇ ಎನ್ನುವಾಗ ಅವಳ ಕೈಗಳು ತಾವಾಗಿಯೇ ಎದ್ದವು. ಚಿಕ್ಕಂದಿನಿಂದ ಅಕ್ಕನೆದುರು ಯಾವ ಮಾತನ್ನೂ ಬರೀ ಬಾಯಲ್ಲಿ ಆಡಿ ಅಭ್ಯಾಸವಿರಲಿಲ್ಲ ಅವಳಿಗೆ. ರೊಟ್ಟಿ ಬಡಿದು ಮುಗಿಸಿ ಹಿಟ್ಟು ಕೊಡವುವ ಹಾಗೆ ಅಂಗೈಗೆ ಅಂಗೈ ಸವರಿ ಬಿಡಿಸಿದಳು. ಅವರ ಕೈಮಾತಿನಲ್ಲಿ ಅದೇ ‘ಅಷ್ಟೇ’. ಸ್ಟೇಷನ್ನಿನಲ್ಲಿ ಆ ಕೈಗಳು ಮಗಳನ್ನು ಹಿಡಿದಿದ್ದವು. ಇಲ್ಲಿ ಬರಿದಾಗಿದ್ದವು.

ಅವಳು ಹಿಂದಿನ ಬೆಂಚಿನ ಕಡೆ ನೋಡಿದಳು. ರತ್ನವ್ವ ಅಲ್ಲಾಡದೆ ಕೂತಿದ್ದಳು. ವಕೀಲರ ಕೈಯ ಕಾಗದವನ್ನು ನೋಡಿದಳು, ತಂಗಿಯ ಕೈಗಳನ್ನು ನೋಡಿದಳು. ಆಮೇಲೆ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಹೋದ ವರ್ಷ ತೀರ್ಪು ಬಂತು. ಮೊದಲ ಹೇಳಿಕೆಯಲ್ಲಿ ಇಲ್ಲದ ಸಂಗತಿಗಳನ್ನು ಆಮೇಲೆ ಸೇರಿಸಲಾಗಿದೆ, ಸಂದೇಹದ ಲಾಭ ಆರೋಪಿಗೆ, ಬಿಡುಗಡೆ. ರತ್ನವ್ವ ಏನೂ ಕೇಳಲಿಲ್ಲ. ಗಾರ್ಮೆಂಟ್ಸು ಬಿಟ್ಟು ಮನೆಯಲ್ಲೇ ಕೂತು ಹಾಸ್ಟೆಲಿನ ಹುಡುಗರಿಗೆ ಜೋಳದ ರೊಟ್ಟಿ ಬಡಿದಳು. ತಂಗಿಯ ಜೊತೆ ಉಪ್ಪು, ಗ್ಯಾಸು, ನೀರು, ಇಷ್ಟೇ ಮಾತು. ಬೆಳಿಗ್ಗೆ ಅಕ್ಷಯಾಳನ್ನು ಕನ್ನಡಿಯ ಮುಂದೆ ಕೂರಿಸಿ ಜಡೆ ಹಾಕುವಾಗ ಮಾತ್ರ ಅವಳ ಬೆರಳುಗಳು ಕೂದಲು ಬಿಟ್ಟು ಬಿಟ್ಟು ಹಾರಾಡುತ್ತಿದ್ದವು. ಹುಡುಗಿ ಕನ್ನಡಿಯಲ್ಲಿ ನೋಡಿ ಉತ್ತರ ಕೊಡುತ್ತಿದ್ದಳು. ಎರಡು ಜಡೆಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಭಾಗ್ಯಶ್ರೀ ಒಳಗೆ ಬಂದರೆ ಇಬ್ಬರೂ ಕೈ ಇಳಿಸುತ್ತಿದ್ದರು.

*

ರುದ್ರಭೂಮಿಯಲ್ಲಿ ದೊಡ್ಡಮುನಿಯಪ್ಪ ಗುಂಡಿ ತೆಗೆದು, ಅದರ ಗೋಡೆಯಲ್ಲಿ ಕೂರಿಸಲು ಗೂಡು ಕೊರೆದು, ಹಾರೆಯ ಮೇಲೆ ಗದ್ದ ಊರಿ ನಿಂತಿದ್ದ. “ಮಣ್ಣು ಮೆತ್ತಗೈತೆ ಸ್ವಾಮಿ, ಉಸಾರಾಗಿ ಇಳೀರಿ,” ಎಂದ.

ದಾರಿಯುದ್ದಕ್ಕೂ ದೊಡ್ಡವ್ವನ ಕೈ ಹಿಡಿದೇ ಬಂದಿದ್ದ ಅಕ್ಷಯಾಳ ಕೈಗಳನ್ನು ಇಳಿಸುವ ಹೊತ್ತಿಗೆ ಬಿಡಿಸಬೇಕಾಯಿತು. ಸಂಗಮೇಶನೇ ಒಂದೊಂದು ಬೆರಳನ್ನು ಬಿಡಿಸಿದ. ರತ್ನವ್ವನ ಕೈ ಜಾರಲಿಲ್ಲ. ಅಷ್ಟು ಹೊತ್ತಿಗೆ ಅದು ತಾನಾಗಿಯೇ ಬಿಗಿದಿತ್ತು.

ಗೂಡಿನಲ್ಲಿ ಕೂರಿಸಿ, ಪತ್ರೆ, ವಿಭೂತಿ ತುಂಬಿದ ಮೇಲೆ ಸೋಮನಾಥಯ್ಯ ಮೇಲಕ್ಕೆ ನೋಡಿದರು. “ಮಣ್ಣು ಕೊಡೂಕಿಂತ ಮೊದಲ ಯಾರರ ಎರಡು ಮಾತು ಹೇಳೂದು ನಮ್ಮ ಪದ್ಧತಿ. ಹೋದಾಕಿ ಹೆಂಗ ಬದುಕಿದ್ಲು ಅಂತ. ತಂಗಿ, ನೀವ ಹೇಳ್ರಿ. ಆಕೀ ಮಾತು ಯಾವಾಗ್ಲೂ ನೀವ ಹೇಳ್ತಿದ್ರಿ ಅಂದ್ರು ನಿಮ್ಮ ಅಪ್ಪಾರು.”

ಎಲ್ಲರೂ ಭಾಗ್ಯಶ್ರೀಯ ಕಡೆ ತಿರುಗಿದರು. ಮಾರಮ್ಮ, ಸೀತಾ, ಮಹತಿ. ಅಪ್ಪನ ಕೆಂಪಾದ ಕಣ್ಣು. ಕೆಳಗೆ ಹಸಿರು ಸೀರೆಯ ತುದಿಯಷ್ಟೇ ಕಾಣುತ್ತಿತ್ತು.

“ನಮ್ಮ ಅಕ್ಕ ಭಾಳ ಕಷ್ಟಪಟ್ಲು,” ಎಂದಳು. “ಯಾರಿಗೂ ಭಾರ ಆಗಲಿಲ್ಲ. ಕೈ ಖಾಲಿ ಕುಂತಾಕಿ ಅಲ್ಲ. ಯಾರ ಮ್ಯಾಲೂ...” ಬಾಯಲ್ಲಿ ಬರಬೇಕಾದ ಮಾತು ಬರಲಿಲ್ಲ, ಬೇರೆಯದು ಬಂತು. “ಅಷ್ಟೇ ರೀ.”

ಅಂಗೈಗೆ ಅಂಗೈ ಸವರಿ ಬಿಟ್ಟಿತು. ತಾನು ಹಾಗೆ ಮಾಡಿದ್ದು ಅವಳಿಗೆ ತಿಳಿದದ್ದು, ಗುಂಡಿಯ ಆಚೆ ದಡದಲ್ಲಿ ನಿಂತ ಅಕ್ಷಯಾ ಆ ಕೈಗಳನ್ನು ನೋಡುತ್ತಿದ್ದುದನ್ನು ಕಂಡ ಮೇಲೆ.

ಹುಡುಗಿ ಮೂರು ಹಿಡಿ ಮಣ್ಣು ಹಾಕಿದಳು.

*

ಮನೆಗೆ ಬಂದು ಎಲ್ಲರೂ ಒಬ್ಬೊಬ್ಬರಾಗಿ ತಲೆಗೆ ನೀರು ಹಾಕಿಕೊಂಡರು. ಗುರುಪಾದಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತರು. ಸಂಗಮೇಶ ಶಾಮಿಯಾನದವರಿಗೆ ಕುರ್ಚಿ ಎಣಿಸಿಕೊಡುತ್ತಿದ್ದ. ರತ್ನವ್ವ ಕೂತಿದ್ದ ಗೋಡೆಯ ಬುಡದಲ್ಲಿ ಒಂದು ಹಣತೆ ಇಟ್ಟಿದ್ದರು, ಇನ್ನೂ ಹಚ್ಚಿರಲಿಲ್ಲ.

ದೀಪ ಹಚ್ಚಿದ ಮೇಲೆ ತಲೆ ಬಾಚಬಾರದು. ಭಾಗ್ಯಶ್ರೀ ಬಾಚಣಿಗೆ ತೆಗೆದುಕೊಂಡು ಮಗಳನ್ನು ಕನ್ನಡಿಯ ಮುಂದೆ ಕೂರಿಸಿದಳು. ಹುಡುಗಿ ಎಡಗಡೆಯ ಜಡೆಯನ್ನು ಬಿಚ್ಚದೆಯೇ ನೀರು ಹಾಕಿಕೊಂಡಿದ್ದಳು. ರಿಬ್ಬನ್ನಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಅದನ್ನು ಬಿಚ್ಚಲು ಹೋದರೆ ತಲೆ ಪಕ್ಕಕ್ಕೆ ಎಳೆದುಕೊಂಡು ಬಲಗಡೆಯನ್ನು ತೋರಿಸಿದಳು. ಬೆಳಿಗ್ಗೆ ಬಿಟ್ಟದ್ದನ್ನು ಮೊದಲು ಮುಗಿಸು.

ಭಾಗ್ಯಶ್ರೀ ಸಿಕ್ಕು ಬಿಡಿಸಿ ಮೂರು ಎಳೆ ಮಾಡಿದಳು. ಒಂದು ಸುತ್ತು. ಎರಡು ಸುತ್ತು.

ಕನ್ನಡಿಯಲ್ಲಿ ಅಕ್ಷಯಾಳ ಕೈ ಮೇಲೆದ್ದಿತು. ತೋರುಬೆರಳು ಮೂಗಿನ ಎಡಬದಿಯನ್ನು ಮುಟ್ಟಿತು. ಎರಡು ಬೆರಳು ಭುಜವನ್ನು ತಟ್ಟಿದವು. ಎರಡು ಅಂಗೈಗಳು ಎರಡು ಕಡೆಯಿಂದ ಬಂದು ಸೇರಿದವು. ಬಲಗೈಯ ತೋರುಬೆರಳು ಅದರ ಮೇಲೆ ಅಡ್ಡಲಾಗಿ ಸರಿಯಿತು. ಆಮೇಲೆ ಎರಡು ಬೆರಳು ತುಟಿಯಿಂದ ಹೊರಟು, ಕನ್ನಡಿಯೊಳಗಿನ ಅಮ್ಮನ ಕಡೆ ಚಾಚಿ ನಿಂತವು. ಹುಬ್ಬು ಮೇಲೇರಿತು.

ಭಾಗ್ಯಶ್ರೀ ಕಣ್ಣನ್ನು ಕೂದಲಿಗೆ ಇಳಿಸಿದಳು. ಮೂರನೆಯ ಸುತ್ತು. ನಾಲ್ಕನೆಯದು. ಚಿಕ್ಕಬಾಣಾವರ ಸ್ಟೇಷನ್ನಿಗೆ ಒಂದು ರೈಲು ಬಂದು ನಿಂತು, ಹೊರಟು ಹೋಯಿತು. ಕಿಟಕಿಯ ಗಾಜು ಅದುರಿ ಸುಮ್ಮನಾಯಿತು. ಅವಳು ತಲೆ ಎತ್ತಲಿಲ್ಲ. ಎತ್ತದಿದ್ದರೆ ಆ ಕೈಗಳು ಕಾಣುವುದಿಲ್ಲ, ಕಾಣದಿದ್ದರೆ ಅವು ಏನೂ ಹೇಳಿದಂತಾಗುವುದಿಲ್ಲ.

ಅಕ್ಷಯಾ ಎಷ್ಟೋ ಹೊತ್ತು ಕೈಯನ್ನು ಹಾಗೇ ಹಿಡಿದಿದ್ದಳು. ಕೊನೆಗೆ ಮಡಿಲಿಗೆ ಇಳಿಸಿದಳು. ಬೆಳಗಿನಿಂದ ಬಳಸದ ದನಿ ಒಡಕಾಗಿ ಬಂತು.

“ಅಮ್ಮಾ, ಅವತ್ತು ಸ್ಟೇಷನ್ನಾಗ ದೊಡ್ಡವ್ವ ಬಾಗಿಲು ಹಾಕಿದ, ಚಿಲಕ ಹಾಕಿದ ಅಂತ ಹೇಳಿದ್ಲಲ್ಲ. ನೀ ಯಾಕ ಹೇಳಲಿಲ್ಲ?”